ಬೆಳಗಿನದ್ದು ಬಿಟ್ಟು ಬನ್ನಿ

"ನೀವೇ ತಪ್ಪು ಮಾಡ್ಕೊಂಡು ಬಂದು ನಮ್ಮ ಮೇಲೆ ಕೂಗಾಡಿದ್ರೆ ಹೇಗಮ್ಮಾ?" ಎಂದರು ಡಾಕ್ಟರು.

ಇಸ್ತ್ರಿಯಕ್ಕ ಕೂಗಾಡಿರಲಿಲ್ಲ. ಇನ್ನೂ ಬಾಯೇ ತೆರೆದಿರಲಿಲ್ಲ. ಅವಳು ನಿಜವಾಗಿ ಕೂಗಾಡಿದರೆ ಹೇಗಿರುತ್ತದೆಂದು ಅವಳ ಬೀದಿಯವರಿಗೆ ಗೊತ್ತು. ಗಂಡನ ಜೊತೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ಇಟ್ಟುಕೊಂಡವಳಿಗೆ ಆ ಹೆಸರು ಕಸುಬಿನಿಂದ ಬಂತೋ, ಸಿಟ್ಟಿನ ಕಾವಿನಿಂದ ಬಂತೋ ಎಂದು ಅವರೆಲ್ಲ ನಗಾಡುತ್ತಿದ್ದರು. ಈಗ ಅವಳು ಮಂಚದ ಪಕ್ಕ ನಿಂತು ಓರಗಿತ್ತಿಯ ಕೈ ಹಿಡಿದುಕೊಂಡಿದ್ದಳು. ಆ ಕೈ ಹಿಂಡಿಟ್ಟ ಬಟ್ಟೆಯ ಹಾಗೆ ತಣ್ಣಗೆ, ಒದ್ದೆಯಾಗಿತ್ತು. ಇನ್ನೊಂದು ಕೈಗೆ ಗ್ಲೂಕೋಸ್ ಇಳಿಯುತ್ತಿತ್ತು. ಬಸಿರ ಹೊಟ್ಟೆಗೆ ಸುತ್ತಿದ ಪಟ್ಟಿಯಿಂದ ಮಗುವಿನ ಎದೆಬಡಿತ ಪಕ್ಕದ ಯಂತ್ರದಲ್ಲಿ ಕೇಳಿಸುತ್ತಿತ್ತು. ಓಡುವುದು, ತಡವರಿಸುವುದು, ಮತ್ತೆ ಓಡುವುದು. ಅದು ತಡವರಿಸಿದಾಗೆಲ್ಲ ಇಸ್ತ್ರಿಯಕ್ಕನ ಜೀವ ಬಾಯಿಗೆ ಬರುತ್ತಿತ್ತು.

ಸ್ವಲ್ಪ ಹೊತ್ತಿನ ಹಿಂದೆ ಇಬ್ಬರೂ ಹೊರಗಿನ ಬೆಂಚಿನ ಮೇಲೆ, ಪರೀಕ್ಷೆಗೆ ರಕ್ತ ಕೊಡಲು ಬಂದ ಬಸುರಿಯರ ಸಾಲಿನಲ್ಲಿ ಕೂತಿದ್ದರು. ಓರಗಿತ್ತಿ ಇದ್ದಕ್ಕಿದ್ದಂತೆ ಬೆವರತೊಡಗಿದಳು. ಏನೇನೋ ತೊದಲಿದಳು. ಇಸ್ತ್ರಿಯಕ್ಕನನ್ನೇ "ಅಮ್ಮಾ" ಎಂದು ಕರೆದಳು. ಇವಳು "ಅಮ್ಮ ಅಲ್ಲ ಕಣೇ, ನಾನು" ಎನ್ನುವಷ್ಟರಲ್ಲಿ ಭುಜಕ್ಕೆ ಕುಸಿದಿದ್ದಳು.

ಹಾಗೆ ನೋಡಿದರೆ ಓರಗಿತ್ತಿಯರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ನಲ್ಲಿಯ ನೀರಿನಿಂದ ಹಿಡಿದು ಅತ್ತೆಯ ಹೊಗಳಿಕೆಯವರೆಗೆ ಜಗಳಕ್ಕೆ ಕಾರಣ ಸಿಗದ ದಿನವಿರಲಿಲ್ಲ. ಕಿರಿಯವಳ ಮೊದಲ ಬಸಿರು ನಿಲ್ಲದೆ ಹೋದಾಗ ಮಾತ್ರ ಹಿರಿಯವಳು ಜಗಳ ಮರೆತು ಅವಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಈ ಸಲ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಬಸುರಿಯರಿಗೆಂದೇ ಒಂದು ಹೊಸ ಇಂಜೆಕ್ಷನ್ ಬಂದಿದೆ, ಅದು ಹಳೆಯದಕ್ಕಿಂತ ಮೇಲೋ ಅಲ್ಲವೋ ಎಂದು ನೋಡಲು ಸ್ಟಡಿ ನಡೆಸುತ್ತಿದ್ದೇವೆ, ಸೇರಿಕೊಂಡರೆ ಸ್ಕ್ಯಾನು, ಔಷಧಿ ಎಲ್ಲ ಬಿಟ್ಟಿ ಎಂದಿತ್ತು ಆಸ್ಪತ್ರೆ. "ಸ್ಕೂಲಲ್ಲಿ ಓದು ಹತ್ತದೋಳು ಈಗ ಸ್ಟಡಿಗೆ ಸೇರಿದ್ದೀನಿ ನೋಡಕ್ಕ" ಎಂದು ಕಿರಿಯವಳು ನಕ್ಕಿದ್ದಳು. ಈ ಹುಡುಗಿಗೆ ನಗಲು ಹೊತ್ತುಗೊತ್ತು ಬೇಡ.

ಸ್ಟಡಿಯ ಕಡೆಯಿಂದ ಆಗಾಗ ಫೋನ್ ಮಾಡುತ್ತಿದ್ದ ನರ್ಸಿಗೆ ಮನೆಯವರು ಇಟ್ಟ ಹೆಸರು ಫೋನ್ ಮೇಡಂ. ಸಕ್ಕರೆಯಂಥ ದನಿ. "ಇಂಜೆಕ್ಷನ್ ಒಂದು ದಿನಾನೂ ತಪ್ಪಿಸಬೇಡಿ" ಎನ್ನುವುದು ಅವಳ ಮಂತ್ರ. ನಿನ್ನೆಯೂ ಫೋನ್ ಬಂದಿತ್ತು. "ನಾಳೆ ರಕ್ತ ಕೊಡೋದಿದೆ. ಖಾಲಿ ಹೊಟ್ಟೇಲಿ ಬರಬೇಕು. ಬೆಳಗಿನದ್ದು ಬಿಟ್ಟು ಬನ್ನಿ." ಎಲ್ಲರಿಗೂ ಕೇಳಲೆಂದು ಫೋನಿನ ದನಿ ಜೋರು ಮಾಡಿದ್ದರು. ಮನೆಮಂದಿಯೆಲ್ಲ ಕೇಳಿದ್ದರು.

ಬೆಳಿಗ್ಗೆ ಹಸಿವು ತಾಳದೆ ಹುಡುಗಿ ಒಂದು ತುಂಡು ಬ್ರೆಡ್ಡಿಗೆ ಕೈಹಾಕಿದಾಗ ಇಸ್ತ್ರಿಯಕ್ಕನೇ ಕಿತ್ತುಕೊಂಡಿದ್ದಳು. "ಬೆಳಗಿನದ್ದು ಬಿಟ್ಟು ಬಾ ಅಂದಿಲ್ವಾ? ಒಂದು ಹೊತ್ತು ಬಾಯಿ ಕಟ್ಟೋಕಾಗಲ್ವಾ ನಿಂಗೆ?" ಎಂದು ಗದರಿ, ಮರೆತೀಯ ಎಂದು ಇಂಜೆಕ್ಷನ್ನನ್ನೂ ತಾನೇ ತಂದು ಕೈಗಿತ್ತಿದ್ದಳು.

"ಇಂಜೆಕ್ಷನ್ ತಗೊಂಡಿದ್ದಾರೆ, ಮೇಲೆ ಏನೂ ತಿಂದಿಲ್ಲ. ಸಕ್ಕರೆ ಇಳಿದುಹೋಗದೆ ಇನ್ನೇನಾಗುತ್ತೆ?" ಡಾಕ್ಟರು ಯಂತ್ರದ ಕಡೆ ನೋಡುತ್ತಲೇ ಹೇಳುತ್ತಿದ್ದರು. "ಇವತ್ತಿನ ಡೋಸ್ ಬಿಟ್ಟು ಬನ್ನಿ ಅಂತ ಎಲ್ಲರಿಗೂ ಸ್ಪಷ್ಟವಾಗಿ ಹೇಳಿಸಿದ್ದೀವಿ."

"ಡೋಸ್ ಅಂತ ಯಾರು ಹೇಳಿದ್ರು?" ಈಗ ಇಸ್ತ್ರಿಯಕ್ಕ ಬಾಯಿ ತೆರೆದಳು.

ಬಾಗಿಲ ಬಳಿ ನಿಂತಿದ್ದ ಫೋನ್ ಮೇಡಂ ಒಂದು ಹೆಜ್ಜೆ ಮುಂದೆ ಬಂದಳು. "ನಾನು ಹೇಳಿದ್ನಲ್ಲಕ್ಕ, ಬೆಳಗಿನದ್ದು ಬಿಟ್ಟು ಬನ್ನಿ ಅಂತ."

"ಬೆಳಗಿನದ್ದು ಅಂದ್ರೆ?"

"ಬೆಳಗಿನ ಡೋಸ್. ನಾವಿಲ್ಲಿ ಹಾಗೇ ಅನ್ನೋದು. ಬೆಳಗಿನದ್ದು, ರಾತ್ರೀದು..."

"ನಮ್ಮನೇಲಿ ಬೆಳಗಿನದ್ದು ಅಂದ್ರೆ ತಿಂಡಿ ಕಣಮ್ಮಾ! ಖಾಲಿ ಹೊಟ್ಟೆ ಅಂತ ಬೇರೆ ಅಂದಿದ್ದೀಯ. ಇನ್ನೇನು ಅಂದ್ಕೋಬೇಕು ನಾವು?"

"ಸಂಶಯ ಇದ್ರೆ ಕೇಳಬೇಕಿತ್ತು," ಎಂದರು ಡಾಕ್ಟರು.

"ಸಂಶಯ ಬಂದಿದ್ರೆ ತಾನೇ ಸ್ವಾಮಿ ಕೇಳೋದು?"

ಡಾಕ್ಟರು ಗ್ಲೂಕೋಸ್ ಬಾಟಲಿಯ ಕಡೆ ತಿರುಗಿದರು. ದೊಡ್ಡವರಿಗೆ ಇದೊಂದು ಅನುಕೂಲ, ಉತ್ತರ ಇಲ್ಲದ ಕಡೆ ವಿಷಯ ಬದಲಿಸಬಹುದು. "ಸದ್ಯ ಗಾಬರಿ ಇಲ್ಲ. ಸುಧಾರಿಸ್ಕೋತಾರೆ. ಸೂಚನೆ ಪಾಲಿಸಿಲ್ಲ ಅಂತ ದಾಖಲು ಮಾಡ್ಕೋತೀವಿ, ಅಷ್ಟೆ," ಎಂದರು.

ಅಷ್ಟೆ! ಇಸ್ತ್ರಿಯಕ್ಕನ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆ ಬ್ರೆಡ್ಡು ಕಿತ್ತುಕೊಂಡ ತನ್ನ ಕೈಯ ಮೇಲೂ ಅಷ್ಟೇ ಸಿಟ್ಟು ಬಂತು. ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ಈ ಹುಡುಗಿ ಇಲ್ಲಿ ಮಲಗಿದ್ದಾಳೆ, ಮತ್ತು ಪಾಲಿಸದವಳು ಅಂತ ಅನ್ನಿಸಿಕೊಳ್ಳುವವಳೂ ಇವಳೇ. ಇದಕ್ಕೆ ಏನು ಹೇಳೋಣ ಎಂದು ಹಲ್ಲು ಕಚ್ಚಿದಾಗ ಮತ್ತೊಂದು ಮಾತು ತಲೆಗೆ ಹೊಳೆದು, ಬಿಸಿಯಾಗಿದ್ದ ಮೈ ಒಮ್ಮೆಲೇ ತಣ್ಣಗಾಯಿತು.

"ಹೊರಗೆ ಕೂತಿದ್ದಾರಲ್ಲ," ಎಂದಳು ಫೋನ್ ಮೇಡಂ ಕಡೆ ತಿರುಗಿ. "ಅವ್ರಿಗೆಲ್ಲ ಫೋನ್ ಮಾಡಿದ್ದು ಯಾರು?"

ಫೋನ್ ಮೇಡಂ ಹೊರಗಿನ ಬೆಂಚುಗಳ ಕಡೆ ತಿರುಗಿ ನೋಡಿದಳು. "ನಾನೇ."

"ಇದೇ ಮಾತು ಹೇಳಿದ್ಯಾ?"

ಅವಳು ಡಾಕ್ಟರ ಮುಖ ನೋಡಿದಳು. ಡಾಕ್ಟರು ಕೈ ಎತ್ತಿದರು. "ನೋಡಿ, ಅವರನ್ನೆಲ್ಲ ಸುಮ್ಮನೆ ಹೆದರಿಸಬೇಡಿ. ಇನ್ನೇನು ರಕ್ತ ತೆಗೆದು ಮುಗಿಯುತ್ತೆ, ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸೋಣ. ಈಗ ಏನಾದ್ರೂ ತಿಂದ್ರೆ ಇವತ್ತಿನ ರಕ್ತ ಕೆಲಸಕ್ಕೆ ಬರಲ್ಲ. ಇಷ್ಟು ದಿನದ ಶ್ರಮ ಇದೆ ಇದರಲ್ಲಿ."

"ಶ್ರಮ ಯಾರದ್ದು ಸ್ವಾಮಿ? ಚುಚ್ಚಿಸ್ಕೊಂಡೋರು ಇವ್ರು. ಹೊಟ್ಟೆ ಹೊತ್ಕೊಂಡು ಬಂದೋರು ಇವ್ರು. ಇನ್ನೊಬ್ಳು ಬೀಳೋ ತನಕ ಕಾಯ್ತೀರಾ?"

ಈ ಸಲ ಅವಳು ನಿಜವಾಗಿಯೂ ಕೂಗಿದ್ದಳು. ಎಷ್ಟೋ ಬಿಳಿ ಕೋಟುಗಳನ್ನು ಒಳಗುಹೊರಗು ತಿರುವಿ ಇಸ್ತ್ರಿ ತೀಡಿದವಳಿಗೆ ಆ ಕೋಟಿನ ಭಯ ಯಾವತ್ತೋ ಹೋಗಿತ್ತು. ಆದರೆ ಓರಗಿತ್ತಿಯ ಕೈ ಬಿಟ್ಟು ಹೋಗುವುದು ಹೇಗೆ? ಯಂತ್ರ ಮತ್ತೊಮ್ಮೆ ತಡವರಿಸಿತು. ಇವಳು ಅಲ್ಲೇ ನಿಂತಳು. ಆಗ ಕಿರಿಯವಳೇ ಅರೆಗಣ್ಣು ತೆರೆದು, ಹಿಡಿದ ಕೈಯನ್ನು ಮೆಲ್ಲನೆ ಕೊಸರಿಕೊಂಡಳು.

"ಹೋಗಕ್ಕ," ಎಂದಳು. "ಇಲ್ಲಿದ್ದು ನೀನೇನು ಮಾಡ್ತೀಯ, ಜಗಳ ತಾನೇ? ಹೊರಗೆ ಹೋಗಿ ಆಡು."

ಕೋಣೆಯ ಮೂಲೆಯಲ್ಲಿ ನರ್ಸುಗಳು ಚಹಾ ಮಾಡಿಕೊಳ್ಳುವ ಮೇಜಿತ್ತು. ಇಸ್ತ್ರಿಯಕ್ಕ ಅದರ ಮೇಲಿದ್ದ ಸಕ್ಕರೆ ಡಬ್ಬಿ ಎತ್ತಿಕೊಂಡು ಹೊರಟಳು. ಡಾಕ್ಟರು "ಏಯ್, ಏನಮ್ಮಾ ಅದು" ಎಂದದ್ದು ಬೆನ್ನಿಗೆ ಬಿತ್ತು.

ಹೊರಗೆ ಬಸುರಿಯರು ಬೆಂಚುಗಳ ತುಂಬ ಕೂತಿದ್ದರು. ಒಬ್ಬಳು ಕಾಲು ಚಾಚಿ ಗೋಡೆಗೊರಗಿದ್ದಳು. ಒಬ್ಬಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಸೆಕೆಯೇನೂ ಇರಲಿಲ್ಲ.

"ಎಲ್ರೂ ಬೆಳಗಿನದ್ದು ಬಿಟ್ಟು ಬಂದಿದ್ದೀರಾ?" ಎಂದು ಇಸ್ತ್ರಿಯಕ್ಕ ಕೇಳಿದಳು.

ಹೌದು ಹೌದು ಎಂದು ತಲೆಗಳಾಡಿದವು.

"ಏನು ಬಿಟ್ರಿ?"

"ತಿಂಡಿ ಅಲ್ದೆ ಇನ್ನೇನು ಬಿಡೋಣ, ಗಂಡನ್ನಾ?" ಎಂದಳು ಒಬ್ಬ ದಪ್ಪನೆಯ ಹೆಂಗಸು. ಸಾಲೆಲ್ಲ ನಕ್ಕಿತು. ಸೆರಗಿನವಳು ಮಾತ್ರ ನಗಲಿಲ್ಲ.

"ಇಂಜೆಕ್ಷನ್?"

"ಅಯ್ಯೋ, ಅದನ್ನ ತಪ್ಪಿಸೋದುಂಟಾ!"

"ಕೈ ಚಾಚಿ," ಎಂದಳು ಇಸ್ತ್ರಿಯಕ್ಕ. "ತಿನ್ನಿ ಮೊದ್ಲು. ಮಾತು ಆಮೇಲೆ. ನನ್ನ ಓರಗಿತ್ತಿ ಒಳಗೆ ಬಿದ್ದಿರೋದು ಇದಕ್ಕೇ. ಆ ಇಂಜೆಕ್ಷನ್ ಚುಚ್ಕೊಂಡು ಹೊಟ್ಟೆ ಖಾಲಿ ಇಡಬಾರ್ದಂತೆ!"

ಅವಳು ಸಾಲಿನುದ್ದಕ್ಕೂ ನಡೆದು ಅಂಗೈಗಳಿಗೆ ಸಕ್ಕರೆ ಸುರಿದಳು. ತಿಂಗಳುಗಟ್ಟಲೆ ಸಕ್ಕರೆ ಮುಟ್ಟಬೇಡಿ, ಮಗುವಿಗೆ ಅದು ವಿಷ ಎಂದು ಹೇಳಿಸಿಕೊಂಡಿದ್ದ ಕೈಗಳವು. ಹಿಂದೆಯೇ ಓಡಿಬಂದ ಫೋನ್ ಮೇಡಂ "ತಿನ್ನಿ, ತಿನ್ನಿ, ನಂದೇ ತಪ್ಪು" ಎನ್ನುತ್ತ ಅಳುತ್ತಿದ್ದಳು. ಯಾರೂ ತಿನ್ನಲಿಲ್ಲ. ಅವರೆಲ್ಲ ಇಸ್ತ್ರಿಯಕ್ಕನನ್ನು ದಾಟಿ, ಫೋನ್ ಮೇಡಮ್ಮನ್ನೂ ದಾಟಿ, ಬಾಗಿಲಲ್ಲಿ ಬಂದು ನಿಂತ ಡಾಕ್ಟರನ್ನು ನೋಡುತ್ತಿದ್ದರು.

"ತಿನ್ನಬಹುದಾ ಸಾರ್?" ಎಂದಳು ಸೆರಗಿನವಳು. "ತಿಂದ್ರೆ ನಮ್ಮನ್ನ ಸ್ಟಡಿಯಿಂದ ತೆಗೆದುಹಾಕಲ್ಲ ತಾನೇ?"

ಡಾಕ್ಟರು ರಕ್ತ ತೆಗೆಯುವ ಕೋಣೆಯ ಕಡೆ ಒಮ್ಮೆ ನೋಡಿದರು. ಸೆರಗಿನವಳ ಚಾಚಿದ ಕೈ ನಡುಗುತ್ತಿತ್ತು. ಬೆರಳ ಸಂದಿಯಿಂದ ಸಕ್ಕರೆ ಹರಳು ಹರಳಾಗಿ ನೆಲಕ್ಕೆ ಉದುರುತ್ತಿತ್ತು.