ಲಾಂಡ್ರಿ ಕೋಣೆಯ ಎರಡನೆಯ ಸಿಗ್ವರ್ಡ್

ಈ ಕತೆಯನ್ನು ಒಗೆದು ಹಿಂಡಿದೆಯೇ ಹೊರತು ಇಸ್ತ್ರಿ ಮಾಡಿಲ್ಲ. ನಡೆದದ್ದು ನಡೆದ ಹಾಗೇ ಇದೆ.

ಸ್ವೀಡನ್ನಿನ ನೋರ್‌ಶೆಪಿಂಗ್ ಊರಿನ ಒಂದು ಕಟ್ಟಡದ ಮೂವತ್ತು ಮನೆಗಳಿಗೂ ನೆಲಮಾಳಿಗೆಯಲ್ಲಿ ಒಂದೇ ಲಾಂಡ್ರಿ ಕೋಣೆ. ಅದರ ಉಸ್ತುವಾರಿ ನಿವೃತ್ತ ಟ್ರಾಮ್ ಚಾಲಕ ಸಿಗ್ವರ್ಡ್‌ನದು. ಎದುರಿಗೆ ಯಾರನ್ನೂ ಬೈದವನಲ್ಲ. ಗೋಡೆಗೆ ಚೀಟಿ ಅಂಟಿಸುತ್ತಿದ್ದ: 'ಡ್ರೈಯರಿನ ಜಾಲರಿಯಲ್ಲಿ ಬೆಕ್ಕಿನ ಗಾತ್ರದ ಬಟ್ಟೆಯ ಜುಂಗು ಸಿಕ್ಕಿದೆ. ಸಾಕಿದವರು ಬಂದು ಕರೆದೊಯ್ಯಿರಿ. ಹಾಲು ಕುಡಿಸಿದ್ದೇನೆ.'

ಈ ಚಳಿಗಾಲ ಅವನ ಕೈ ನಡುಗತೊಡಗಿತು. ಚೀಟಿಗಳು ನಿಂತವು. ಭಾನುವಾರದ ನಿವಾಸಿಗಳ ಸಭೆಯಲ್ಲಿ ಕೀಲಿಗೊಂಚಲು ಒಪ್ಪಿಸಿಬಿಡುತ್ತೇನೆ ಎಂದ.

ಮೂರನೆಯ ಮಹಡಿಯ ಇಲ್ವಾ ಇದಕ್ಕೆ ಒಪ್ಪಲಿಲ್ಲ. ಅವಳಿಗೆ ಅವಳಿ ಕೂಸುಗಳು ಹುಟ್ಟಿದ ವರ್ಷ ತನ್ನ ಒಗೆಯುವ ಸರದಿಯನ್ನೆಲ್ಲ ಅವಳಿಗೆ ಬಿಟ್ಟುಕೊಟ್ಟು, ತನ್ನ ಬಟ್ಟೆಯನ್ನು ಬಚ್ಚಲಲ್ಲಿ ಒಗೆದುಕೊಂಡವನು ಅವನು. ಅವನನ್ನು ಹೋಗಗೊಡಬಾರದು. ಬೇಡ ಎಂದು ಅಂಗಲಾಚಿದರೆ ಕೇಳುವ ಆಸಾಮಿಯೂ ಅಲ್ಲ; ಅವನದೇ ಮಾತು ಅವನಿಗೆ ಹೇಳಿದರೆ ಕೇಳಿಯಾನು.

ಅವನ ಚೀಟಿಗಳ ಫೋಟೋಗಳೆಲ್ಲ ಅವಳ ಫೋನಿನಲ್ಲಿದ್ದವು. ಲಾಂಡ್ರಿ ಕೋಣೆಯ ಕಪಾಟಿನಲ್ಲಿ ಹಳೆಯ ಕಂಪ್ಯೂಟರೊಂದನ್ನಿಟ್ಟು, ಕಪ್ಪು ಪರದೆಯಲ್ಲಿ ಒಂದೊಂದೇ ಕಮಾಂಡ್ ಟೈಪಿಸಿ, ಚಾಟ್‌ಬಾಟ್ ಒಂದನ್ನು ಇಳಿಸಿಕೊಂಡಳು. ಹೊರಗಿನವರ ಸರ್ವರಿನ ಹಂಗಿಲ್ಲ. ಕಟ್ಟಡದ ಬೈಗುಳ ಕಟ್ಟಡದಲ್ಲೇ. ಚೀಟಿಗಳನ್ನೆಲ್ಲ ಅದಕ್ಕೆ ಉಣಿಸಿ, 'ನೀನು ಸಿಗ್ವರ್ಡ್. ಯಾರಿಗೂ ರಿಯಾಯಿತಿ ಇಲ್ಲ' ಎಂದು ಬರೆದಳು. ಓಡಿತು. ಖುಷಿಯಲ್ಲಿ ಪರದೆಯ ಕಿಟಕಿ ಮುಚ್ಚಿದಳು. ಬಾಟೂ ಬಾಯಿ ಮುಚ್ಚಿತು. ಕಿಟಕಿಯ ಜೊತೆ ಅದರೊಳಗೆ ಓಡುವುದೂ ಸಾಯುತ್ತದೆಂಬುದನ್ನು ಮರೆತಿದ್ದಳು. ಹಿನ್ನೆಲೆಯಲ್ಲಿ ಓಡಿಸುವ ಇನ್ನೊಂದು ಕಮಾಂಡ್ ಕೊಟ್ಟ ಮೇಲೆ ಎದ್ದು ಕೂತಿತು.

ಶನಿವಾರ ಬೆಳಿಗ್ಗೆ ಸಿಗ್ವರ್ಡ್ ಬುಟ್ಟಿ ಹೊತ್ತು ಬಂದ.

"ಸರದಿ ಬೇಕಿದ್ರೆ ಇನ್ಮೇಲೆ ಇದನ್ನ ಕೇಳ್ಬೇಕು, ಸಿಗ್ವರ್ಡ್," ಎಂದಳು ಇಲ್ವಾ.

"ಯಾರಿದು?"

"ಹೊಸ ಗುಮಾಸ್ತ. ಸ್ವಲ್ಪ ಸಿಡುಕ."

ಅವನು ಒಂದೇ ಬೆರಳಲ್ಲಿ ಟೈಪಿಸಿದ: 'ಗುರುವಾರ ಹತ್ತು ಗಂಟೆ.'

ಪರದೆ ಹೇಳಿತು: 'ಕೊಡೋಣ. ಮೊದಲು ಜಾಲರಿ ತೋರಿಸಿ. ಹೋದ ಸಲದ ಜುಂಗಿಗೂ ಒಂದು ಟಿಕೆಟ್ ಕೊಳ್ಳಬೇಕು, ಸೀಟು ಹಿಡಿದು ಕೂತಿದೆ.'

ಸಿಗ್ವರ್ಡ್‌ನ ಮುಖ ಸಪ್ಪಗಾಯಿತು. "ಇದಕ್ಕೆ ಹೇಗ್ ಗೊತ್ತಾಯ್ತು? ಹೋದ ವಾರ ಜಾಲರಿ ತೆಗೆಯೋಕೇ ಆಗ್ಲಿಲ್ಲ. ಬೆರಳು ಮಾತು ಕೇಳ್ಲಿಲ್ಲ."

ಇಲ್ವಾ ಕೀಬೋರ್ಡಿಗೆ ಕೈಚಾಚಿದಳು. "ಅಯ್ಯೋ, ಇದು ಎಲ್ರಿಗೂ ಹೀಗೇ ಅನ್ನತ್ತೆ. ತಮಾಷೆಗೆ ಮಾಡಿದ್ದು. ತಡಿ, ಆರಿಸ್ತೀನಿ."

"ಮುಟ್ಬೇಡ," ಎಂದು ಅವನು ನಿಧಾನಕ್ಕೆ ಟೈಪಿಸಿದ: 'ಕೈ ನಡುಗುತ್ತದೆ.'

'ನಡುಗಿದರೆ ನೆರೆಯವರನ್ನು ಕರೆಯಿರಿ. ಈ ಕಟ್ಟಡದಲ್ಲಿ ಕೈಗಳಿಗೇನೂ ಬರವಿಲ್ಲ; ಎಲ್ಲ ಜೇಬಿನೊಳಗಿವೆ, ಅಷ್ಟೇ.'

ಸಿಗ್ವರ್ಡ್ ಎರಡು ಸಲ ಓದಿದ. "ಪಕ್ಕದ್ಮನೆ ಗುನ್ವೋರ್ ತೋಳು ಮುರ್ಕೊಂಡಾಗ ಇದನ್ನ ಬರ್ದಿದ್ದು ನಾನೇ."

"ಎಲ್ಲಾ ನಿಂದೇ. ಆ ವರ್ಷ ನೀನಿಲ್ದಿದ್ರೆ ನಾನು ಮಕ್ಕಳ ಬಟ್ಟೆ ಗುಡ್ಡೆಯೊಳಗೆ ಹೂತೇ ಹೋಗ್ತಿದ್ದೆ, ಸಿಗ್ವರ್ಡ್. ಕೀಲಿ ಕೊಡ್ಬೇಡ."

ಅವನು ಡ್ರೈಯರಿನತ್ತ ಬೆರಳು ತೋರಿಸಿದ. "ಹಾಗಾದ್ರೆ ನಿನ್ನ ಕೈ ಜೇಬಿಂದ ತೆಗಿ. ಜಾಲರಿ ನಿಂದು. ಬೈಯೋದು ನಾನೂ ಈ ಗುಮಾಸ್ತನೂ ನೋಡ್ಕೋತೀವಿ."

ಇಲ್ವಾ ನಕ್ಕಳು. ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಗುನ್ವೋರ್ ನಕ್ಕಳು. ಆದರೆ ತಿರುಗುತ್ತಿದ್ದ ಮೂರು ಯಂತ್ರಗಳ ಸದ್ದನ್ನೂ ಅಡಗಿಸುವಂತೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕವನು ಸಿಗ್ವರ್ಡ್.