ನಲವತ್ತಕ್ಕೆ ವಾಪಸ್

ಯಾರಿಗೆ ಬೇಕಿತ್ತು ಆ ಹಾಳು ಕುರಿ! ಅದನ್ನು ಹುಡುಕಿಕೊಂಡು ಫಾರೋ ದ್ವೀಪದ ಆ ಕಡಿದಾದ ಬಂಡೆಯಿಳಿದ ತೈತುರ್ ಕಾಲು ಜಾರಿ, ಕಡಲಿನ ಮೇಲೆ ಮೊಳದಗಲದ ಕಲ್ಲಿನ ಚಾಚಿನಲ್ಲಿ ಸಿಕ್ಕಿಬಿದ್ದು ಆಗಲೇ ಐದು ಗಂಟೆಯಾಗಿತ್ತು. ಮೇಲೆ ಬಂಡೆ ಹೊರಕ್ಕೆ ಬಾಗಿದ್ದರಿಂದ ಊರಿನವರು ಇಳಿಬಿಟ್ಟ ಹಗ್ಗ ಅವನ ಕೈಗೆ ಎಟುಕದೆ ದೂರದಲ್ಲೇ ತೂಗುತ್ತಿತ್ತು. ಈ ಗಾಳಿಗೆ ಹೆಲಿಕಾಪ್ಟರ್ ಏಳುವುದಿಲ್ಲ, ದೋಣಿ ಹತ್ತಿರ ಸುಳಿಯುವುದಿಲ್ಲ. ಉಳಿದದ್ದು ಅಣ್ಣ ಹಾನುಸ್‌ನ ಡ್ರೋನ್ ಒಂದೇ. ಹಗ್ಗಕ್ಕೆ ಕಟ್ಟಿದ ತೆಳು ಹುರಿಯನ್ನು ಅದು ತಮ್ಮನ ಕೈಗೆ ಮುಟ್ಟಿಸಿದರೆ ಸಾಕು, ಅವನು ಹಗ್ಗವನ್ನು ಎಳೆದುಕೊಳ್ಳಬಹುದಿತ್ತು.

ಗಾಳಿಯಲ್ಲಿ ಡ್ರೋನ್ ಹಾರಿಸುವುದರಲ್ಲಿ ಹಾನುಸ್‌ನನ್ನು ಮೀರಿಸುವವರು ಆ ಸುತ್ತಿನಲ್ಲಿರಲಿಲ್ಲ. ಗಾಳಿ ಒದ್ದಾಗ ರಿಮೋಟಿನ ಕಡ್ಡಿಯನ್ನು ಗಕ್ಕನೆ ಎಳೆಯಬಾರದು. ಒದೆ ತಿನ್ನಲು ಬಿಟ್ಟು, ಮೆಲ್ಲಗೆ ಒಳಕ್ಕೆ ತಳ್ಳಬೇಕು. ಇದನ್ನು ಕಲಿಯುವಷ್ಟರಲ್ಲಿ ಎರಡು ಡ್ರೋನ್ ಕಡಲು ಸೇರಿದ್ದವು. ಗಾಳಿಯಲ್ಲಿ ಬ್ಯಾಟರಿ ತೀರಿ ಎರಡನೆಯದು ಮುಳುಗಿದ ದಿನ ತೈತುರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಮೀನಿಗೆ ಆಟದ ಸಾಮಾನು ತಂದ್ಕೊಡೋದೇ ಆಯ್ತಲ್ಲೋ ಅಣ್ಣಾ ನಿಂಗೆ!"

ಆ ಉರಿಗೆ ಹಾನುಸ್ ಮೂರನೆಯದನ್ನು ಹೀಗೆ ಹೊಂದಿಸಿಟ್ಟಿದ್ದ: ಬ್ಯಾಟರಿ ಶೇಕಡಾ ನಲವತ್ತಕ್ಕಿಳಿಯಿತೋ, ಯಾರನ್ನೂ ಕೇಳದೆ ತಾನೇ ವಾಪಸ್. ಇವತ್ತಿನ ಗಡಿಬಿಡಿಯಲ್ಲಿ ಅದು ಅವನಿಗೆ ಮರೆತೇಹೋಗಿತ್ತು.

ಎದುರು ಗುಡ್ಡದ ತುದಿಯಲ್ಲಿ ಅವನ ಪಕ್ಕ ನಿಂತು ತೈತುರ್‌ನ ಹೆಂಡತಿ ಸುನ್ವಾ ದುರ್ಬೀನಿನಲ್ಲಿ ನೋಡುತ್ತಿದ್ದಳು.

"ಎರಡು ಮೊಳ ಭಾವಾ, ಎರಡೇ ಮೊಳ. ನಿಮ್ ಕಾಲಿಗ್ ಬೀಳ್ತೀನಿ, ನಿಧಾನ."

"ಸುಮ್ನಿರು ಮಾರಾಯ್ತಿ, ಕೈ ನಡುಗತ್ತೆ."

ಕೈ ನಡುಗಲಿಲ್ಲ. ಅಂಥ ಸುಳಿಗಾಳಿಯಲ್ಲೂ ಡ್ರೋನ್ ಬಂಡೆಯ ಮುಂದೆ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ತೈತುರ್ ಒಂದು ಕೈಯಲ್ಲಿ ಹುಲ್ಲು ಹಿಡಿದು ಇನ್ನೊಂದನ್ನು ಚಾಚಿದ. ಹುರಿ ಅವನ ಬೆರಳಿಗೆ ತಾಗಿತು.

"ಸಿಕ್ತು! ಸಿಕ್ತು ಭಾವಾ!"

ಆಗಲೇ ಹಾನುಸ್‌ನ ಕೈಯಲ್ಲಿದ್ದ ರಿಮೋಟ್ ಕೂಗಿಕೊಂಡಿತು. ಪರದೆಯಲ್ಲಿ ನಲವತ್ತು. ತಾನೇ ಹೊಂದಿಸಿಟ್ಟದ್ದು ಅವನಿಗೆ ಆಗ ನೆನಪಾಯಿತು. ಡ್ರೋನ್ ಒಂಚೂರೂ ಅಲುಗದೆ, ನಾಜೂಕಾಗಿ, ಹೊರಟ ಜಾಗದ ಕಡೆ ತಿರುಗಿತು. ಜಾರುತ್ತಿದ್ದ ಹುರಿಯನ್ನು ಹಿಡಿಯಲು ತೈತುರ್ ಹುಲ್ಲು ಬಿಟ್ಟು ಎರಡೂ ಕೈ ಚಾಚಿದ.

ಹಾನುಸ್ ಅದನ್ನು ತಡೆಯುವ ಗುಂಡಿ ಒತ್ತಿದ. ಡ್ರೋನ್ ಹೇಳಿದ ಮಾತು ಕೇಳಿ ಅಲ್ಲೇ ನಿಂತಿತು. ಚಾಚಿನ ಮೇಲೆ ಯಾರೂ ಇರಲಿಲ್ಲ.

ಬೇರೇನೂ ತೋಚದೆ ಅವನು ಅದನ್ನು ಹಿಂದಕ್ಕೆ ತಂದು ಕಾಲ ಬಳಿ ಇಳಿಸಿದ. ಸುನ್ವಾ ದುರ್ಬೀನು ಇಳಿಸಿ ಅದರ ಕಡೆ ತಿರುಗಿದಳು.

"ಬ್ಯಾಟರಿ ಮುಗ್ದಿತ್ತಾ ಭಾವಾ?"

ಹೌದು ಅಂದುಬಿಡಬಹುದಿತ್ತು. ಬಾಯಿ ಬರಲಿಲ್ಲ.

"ಇಲ್ಲ," ಅಂದ ಹಾನುಸ್. "ಇನ್ನೂ ಇತ್ತು."