ಎರಡು ಮನೆಯ ಕ್ಯಾನು

ಮಾಯಮ್ಮತ್ತೆ ಕೊಟ್ಟ ಕ್ಯಾನು ಕತ್ತಿನವರೆಗೂ ತುಂಬಿತ್ತು. ಒಂದು ಹಗಲು, ಒಂದು ರಾತ್ರಿಯ ಮೂತ್ರವನ್ನೆಲ್ಲ ಅವರು ಅದರಲ್ಲಿ ಹಿಡಿಯಬೇಕಿತ್ತು. ಅದರಿಂದ ಅವರು ದಿನಕ್ಕೆಷ್ಟು ಉಪ್ಪು ತಿನ್ನುತ್ತಾರೆಂದು ಅಂದಾಜು ಮಾಡಿ, ಆಮೇಲೆ ಬಿಪಿ ಮಾತ್ರೆ ಬದಲಿಸುತ್ತೇನೆಂದು ಡಾಕ್ಟರು ಹೇಳಿದ್ದರು. ಹೋದ ತಿಂಗಳು ಅತ್ತೆಯ ಎಡಗೈ ಅರ್ಧ ಗಂಟೆ ಮೇಲೇಳಲೇ ಇಲ್ಲ. ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಪಿರಿಯಾಪಟ್ಟಣದ ಲ್ಯಾಬಿನಲ್ಲಿ ಪರೀಕ್ಷೆ ಮಾಡುವವನು ನಾನೇ.

"ಇಷ್ಟೊಂದಾ, ಅತ್ತೆ?"

"ನಂದು ಅರ್ಧಾನೇ ಕಣಪ್ಪ. ಒಗೆಸೊಪ್ಪು ಮುರಿಯೋಕೋದಾಗ ಆಳುಗಳ ಮುಂದೆ ಕ್ಯಾನ್ ಇಡ್ಕಂಡು ಓಡಾಡಕ್ಕಾಯ್ತದಾ? ಅಲ್ಲೇ ಬೇಲಿ ಮರೇಲಿ ಕೂತೆ. ಕಮ್ಮಿ ಆಯ್ತಲ್ಲ ಅಂತ ಪಕ್ಕದ ಮನೆ ಸುಧಾ ತನ್ನದು ಸೇರ್ಸಿ ತುಂಬ್ಸವ್ಳೆ. ಡೈರಿಗೆ ಆಲು ಕಮ್ಮಿ ಬಿದ್ರೂ ಅವ್ಳೇ ಅಲ್ವಾ ತುಂಬ್ಸೋದು?"

ಸುಧಾ ತಿಂದ ಉಪ್ಪಿಗೆ ಅತ್ತೆಗೆ ಮಾತ್ರೆ! ನಾನು ಅದನ್ನೆಲ್ಲ ತಿಪ್ಪೆಗೆ ಸುರಿದು, ಚೀಲದಿಂದ ಹೊಸ ಕ್ಯಾನು ತೆಗೆದುಕೊಟ್ಟೆ.

"ಇವತ್ತು ನೀವು ಮನೇಲೇ ಇರಿ. ಸೊಪ್ಪು ನಾನು ಮುರೀತೀನಿ."

ರಜೆ ಹಾಕಿ ಹೊಲಕ್ಕಿಳಿದೆ. ಹೊಗೆಸೊಪ್ಪಿನ ಅಂಟು ಕೈಗೆಲ್ಲ ಮೆತ್ತಿಕೊಂಡಿತು. ಪ್ರತಿ ಸಾಲಿನ ತುದಿಯಲ್ಲೂ ಊರ ಕಡೆ ತಿರುಗಿ ನೋಡುತ್ತಿದ್ದೆ. ಅತ್ತೆ ಮರೆತರೆ? ಮತ್ತೆ ಸುಧಾಳನ್ನು ಕರೆದರೆ?

ಮಧ್ಯಾಹ್ನ ಅತ್ತೆ ಬದುವಿನ ಮೇಲೆ ಬಂದರು. ತಲೆಯ ಮೇಲೆ ಊಟದ ಕುಕ್ಕೆ, ಕೈಯಲ್ಲಿ ಎಲ್ಲರಿಗೂ ಕಾಣುವಂತೆ ಕ್ಯಾನು.

ಆಳು ಚಿಕ್ಕಬೀರಯ್ಯ ಕಿಸಕ್ಕನೆ ನಕ್ಕ. "ಏನವ್ವಾ, ಮಜ್ಜಿಗೇನಾ?"

"ಊ ಕಣ್ಲಾ, ಬಾ, ಕುಡಿವಂತೆ," ಎಂದ ಅತ್ತೆ, ನನಗೆ ಕಾಣಲೆಂದು ಕ್ಯಾನನ್ನು ಮೇಲೆತ್ತಿ ಹಿಡಿದರು. ಎಡಗೈಯಲ್ಲೇ.